ಇಸಬು ಮತ್ತು ಮನೆಯವರ ಕರ್ತವ್ಯ

ಪ್ರತಿ ವರ್ಷವೂ ಶಾಲೆ ತೆರೆದು ಒಂದೆರಡು ತಿಂಗಳು ಕಳೆಯುವದರೊಳಗೆ ತರಗತಿಯ ಉಪಾಧ್ಯಾಯಿನಿಯರು ಒಬ್ಬಿಬ್ಬರು ಬಾಲಿಕೆಯರ ವಿಷಯವನ್ನು ನಮ್ಮ ಗಮನಕ್ಕೆ ತರುವದುಂಟು. ಹುಡುಗಿಯು ಸೆಕೆಯಲ್ಲಿಯೂ ತೋಳುಗಳನ್ನು ಮುಚ್ಚಿಕೊಂಡಿರುವಳು. ಪಾಠ ನಡೆಯುತ್ತಿರುವಾಗ ಕೈಯನ್ನು ಮರೆಮಾಡಿಕೊಂಡು ತುರಿಸಿಕೊಳ್ಳುವಳು. ಇರುಳೆಲ್ಲಾ ನಿದ್ದೆಯಿಲ್ಲದ ಕಾರಣ ಮೊದಲನೆಯ ಪಾಠದಲ್ಲಿಯೇ ತೂಕಡಿಸುವಳು. ಪಕ್ಕದಲ್ಲಿ ಕುಳಿತವಳು ಮೆಲ್ಲನೆ ದೂರ ಸರಿಯುವಳು. ತಾಯಿತಂದೆಗಳನ್ನು ಕರೆಸಿ ವಿಚಾರಿಸಿದರೆ, "ಇದು ಚಿಕ್ಕಂದಿನಿಂದಲೂ ಇದೆ, ಮಾಡದ ಔಷಧವಿಲ್ಲ, ಹಿಡಿಯದ ಪಥ್ಯವಿಲ್ಲ" ಎಂಬ ಉತ್ತರವೇ ಬಹುಮಟ್ಟಿಗೆ ಬರುವದು. ಈ ವ್ಯಾಧಿಗೆ ಕನ್ನಡದಲ್ಲಿ ಇಸಬು ಎಂದು ಹೆಸರು. ವೈದ್ಯರು ಎಕ್ಜಿಮಾ ಎನ್ನುವರು.

ಶಾಲೆಯ ಸ್ಮರಣ ಸಂಚಿಕೆಯಲ್ಲಿ ಚರ್ಮವ್ಯಾಧಿಯ ಪ್ರಸ್ತಾಪವೇತಕ್ಕೆಂದು ಕೆಲವರಿಗೆ ಅನಿಸೀತು. ಇಸಬಿನಿಂದ ಪ್ರಾಣಹಾನಿಯಾಗುವದು ಬಹಳ ಅಪರೂಪ. ಆದರೆ ಅದರಿಂದ ನಿದ್ದೆಯೂ ಓದೂ ಮನಸ್ಸಿನ ಧೈರ್ಯವೂ ಕೆಡುವದನ್ನು ನಾವು ಕಣ್ಣಾರೆ ಕಾಣುತ್ತಿದ್ದೇವೆ. ವೈದ್ಯರು ಇಂಥ ಮಗುವನ್ನು ವರ್ಷದಲ್ಲಿ ನಾಲ್ಕಾರು ಸಾರಿ ನೋಡಿಯಾರು. ಉಳಿದ ದಿನಗಳಲ್ಲೆಲ್ಲಾ ಇದರ ಆರೈಕೆಯು ಮನೆಯವರ ಕೈಯಲ್ಲಿಯೇ ಇರುವದು. ನಮ್ಮ ಹಳೆಯ ವಿದ್ಯಾರ್ಥಿನಿಯರಲ್ಲಿ ಅನೇಕರು ಈಗ ತಾಯಂದಿರಾಗಿ ಮನೆವಾರ್ತೆಯನ್ನು ನಡಿಸುತ್ತಿರುವದರಿಂದ, ಈ ವಿಷಯದಲ್ಲಿ ಇಂದು ನಿಶ್ಚಯವಾಗಿ ತಿಳಿದುಬಂದಿರುವ ಸಂಗತಿಗಳನ್ನು ಸರಳವಾಗಿ ವಿವರಿಸಬೇಕೆಂದು ಮನಸ್ಸು ಮಾಡಿದ್ದೇವೆ.

ಇಸಬಿನ ಸ್ವರೂಪ

ನಮ್ಮ ಚರ್ಮದ ಮೇಲ್ಪದರವನ್ನು ಒಂದು ಇಟ್ಟಿಗೆಯ ಗೋಡೆಗೆ ಹೋಲಿಸಬಹುದು. ಚಪ್ಪಟೆಯಾದ ಸೂಕ್ಷ್ಮ ಕಣಗಳು ಇಟ್ಟಿಗೆಗಳು. ಅವುಗಳ ನಡುವಿನ ಕೊಬ್ಬಿನ ಅಂಶವು ಗಾರೆ. ಈ ಗೋಡೆಯು ಗಟ್ಟಿಯಾಗಿದ್ದರೆ ಒಳಗಿನ ನೀರು ಹೊರಗೆ ಆರಿಹೋಗದು. ಹೊರಗಿನ ಧೂಳು, ಸಾಬೂನಿನ ಖಾರ, ರೋಗಾಣುಗಳು ಒಳಗೆ ಹೊಗಲಾರವು. ಇಸಬಿರುವವರ ಚರ್ಮದಲ್ಲಿ ಗಾರೆಯು ಸಡಿಲವಾಗಿ ಅಲ್ಲಲ್ಲಿ ಬಿರುಕು ಬಿಟ್ಟಿರುತ್ತದೆ. ನೀರು ಆರುವದರಿಂದ ಚರ್ಮವು ಒಣಗಿ ಒರಟಾಗುವದು. ಬಿರುಕಿನ ಮೂಲಕ ಒಳಹೊಕ್ಕ ವಸ್ತುಗಳನ್ನು ದೇಹದ ರಕ್ಷಣಾಶಕ್ತಿಯು ಶತ್ರುವೆಂದು ತಿಳಿದು ಹೋರಾಡುವದರಿಂದ ಆ ಜಾಗವು ಕೆಂಪಾಗಿ ಊದಿಕೊಂಡು ನವೆಯುಂಟಾಗುವದು. ನವೆಯಾದಾಗ ತುರಿಸಿದರೆ ಗೋಡೆಯು ಮತ್ತಷ್ಟು ಕುಸಿಯುವದು. ಕುಸಿದಷ್ಟೂ ನವೆಯು ಹೆಚ್ಚುವದು. ಈ ಸುತ್ತನ್ನು ಎಲ್ಲಿಯಾದರೂ ಒಂದು ಕಡೆ ತುಂಡರಿಸುವದೇ ಚಿಕಿತ್ಸೆಯ ಗುರಿ.

ಹುಟ್ಟಿನಿಂದ ಬರುವ ಈ ಒಲವಿಗೆ 1933ರಲ್ಲಿ ಅಮೇರಿಕದ ವೈದ್ಯರಾದ ವೈಸ್ ಮತ್ತು ಸುಲ್ಜ್‌ಬರ್ಗರ್ ಎಂಬವರು ಅಟೋಪಿಕ್ ಡರ್ಮಟೈಟಿಸ್ ಎಂಬ ಹೆಸರನ್ನಿಟ್ಟರು. ಆದರೆ ಗೋಡೆಯು ಏಕೆ ಸಡಿಲವಾಗಿರುವದೆಂಬದು ಬಹುಕಾಲ ಸ್ಪಷ್ಟವಾಗಿರಲಿಲ್ಲ. 2006ರಲ್ಲಿ ಸ್ಕಾಟ್ಲೆಂಡಿನ ಡಂಡೀ ವಿಶ್ವವಿದ್ಯಾಲಯದ ಸಂಶೋಧಕರೂ ಅವರ ಸಂಗಡಿಗರೂ ಚರ್ಮವನ್ನು ಗಟ್ಟಿಯಾಗಿಡುವ ಫಿಲಾಗ್ರಿನ್ ಎಂಬ ಪ್ರೋಟೀನಿನ ಕೊರತೆಯು ಕೆಲವು ಮನೆತನಗಳಲ್ಲಿ ವಂಶಪರಂಪರೆಯಾಗಿ ಇಳಿದುಬರುವದನ್ನೂ ಅಂಥವರಿಗೆ ಇಸಬು ಹೆಚ್ಚಾಗಿ ಬರುವದನ್ನೂ ತೋರಿಸಿಕೊಟ್ಟರು. ಎಲ್ಲರ ಇಸಬಿಗೂ ಇದೊಂದೇ ಕಾರಣವೆಂದು ಹೇಳುವ ಹಾಗಿಲ್ಲ. ಆದರೂ ಒಂದು ಮಾತು ಇದರಿಂದ ಸ್ಥಿರವಾಯಿತು: ಇಸಬು ರಕ್ತ ಕೆಟ್ಟದ್ದರಿಂದ ಬಂದದ್ದಲ್ಲ, ತಾಯಿಯ ಅಲಕ್ಷ್ಯದಿಂದಲೂ ಬಂದದ್ದಲ್ಲ. ಮನೆಯಲ್ಲಿ ಯಾರಿಗಾದರೂ ಉಬ್ಬಸ, ಸದಾ ಸೀನು ನೆಗಡಿ, ಅಥವಾ ಇಸಬು ಇದ್ದರೆ ಮಗುವಿಗೂ ಬರುವ ಸಂಭವ ಹೆಚ್ಚು. ಹಸುಳೆಗೆ ಹುಟ್ಟಿದಂದಿನಿಂದ ಲೇಪ ಹಚ್ಚುತ್ತಾ ಬಂದರೆ ಇದನ್ನು ತಡೆಯಬಹುದೋ ಎಂದು ಬ್ರಿಟನ್ನಿನಲ್ಲಿ 1,394 ಶಿಶುಗಳಲ್ಲಿ ಪರೀಕ್ಷಿಸಿ ನೋಡಿದರು. ತಡೆಯಲಾಗದೆಂದು 2020ರಲ್ಲಿ ಪ್ರಕಟವಾಯಿತು. ಆದಕಾರಣ "ನಾನು ಬಾಣಂತನದಲ್ಲಿ ಸರಿಯಾಗಿ ಎಣ್ಣೆ ನೀರು ಮಾಡಲಿಲ್ಲವಲ್ಲಾ" ಎಂದು ಯಾವ ತಾಯಿಯೂ ಮರುಗಬೇಕಾದದ್ದಿಲ್ಲ. ಅವಳನ್ನು ಹಾಗೆ ದೂರುವ ಹಕ್ಕು ಮನೆಯ ಹಿರಿಯರಿಗೂ ಇಲ್ಲ.

ಹೆಚ್ಚಿನ ಮಕ್ಕಳಲ್ಲಿ ಇದು 5 ವರ್ಷ ತುಂಬುವದರೊಳಗೆ ಕಾಣಿಸಿಕೊಳ್ಳುವದು. ಕೂಸುಗಳಿಗೆ ಕೆನ್ನೆ, ನೆತ್ತಿ, ಕೈಕಾಲುಗಳ ಹೊರಮೈಯಲ್ಲಿ. ದೊಡ್ಡ ಮಕ್ಕಳಿಗೆ ಮೊಣಕೈಯ ಮಡಿಕೆ, ಮಂಡಿಯ ಹಿಂಬದಿ, ಕತ್ತು, ಮಣಿಕಟ್ಟುಗಳಲ್ಲಿ. ಬಹುಮಂದಿಗೆ ಪ್ರಾಯಕ್ಕೆ ಬರುವ ಹೊತ್ತಿಗೆ ತಗ್ಗುವದು, ಕೆಲವರಿಗೆ ಉಳಿಯುವದು, ಮತ್ತೆ ಕೆಲವರಿಗೆ ತಗ್ಗಿದ್ದು ಮದುವೆಯಾಗಿ ಮನೆಗೆಲಸಕ್ಕೆ ತೊಡಗಿದ ಮೇಲೆ ಅಂಗೈಗಳಲ್ಲಿ ತಿರುಗಿ ತಲೆದೋರುವದು.

ಒಂದಕ್ಕೊಂದು ಬೆರೆಸಬಾರದ ಮೂರು ವ್ಯಾಧಿಗಳು

ಜನರು ತುರಿಕೆಯುಳ್ಳ ಎಲ್ಲವನ್ನೂ ಕಜ್ಜಿಯೆಂದೋ ಗಜಕರ್ಣವೆಂದೋ ಕರೆದುಬಿಡುವದರಿಂದ ದೊಡ್ಡ ಅನರ್ಥವಾಗುತ್ತದೆ. ಮೂರನ್ನು ಬೇರೆಬೇರೆಯಾಗಿ ಗುರುತಿಸಲು ಪ್ರತಿಯೊಬ್ಬ ಗೃಹಿಣಿಯೂ ಕಲಿಯಬೇಕು.

ಕಜ್ಜಿಯು ಕಣ್ಣಿಗೆ ಕಾಣದಷ್ಟು ಸಣ್ಣ ಹುಳುವಿನಿಂದ ಬರುವದು. ಬೆರಳುಗಳ ಸಂದು, ಮಣಿಕಟ್ಟು, ಸೊಂಟ, ಕಂಕುಳುಗಳಲ್ಲಿ ಸಣ್ಣ ಗುಳ್ಳೆಗಳೆದ್ದು ರಾತ್ರಿಯಲ್ಲಿ ವಿಪರೀತವಾಗಿ ಕಡಿಯುವದು. ಒಂದೇ ಮನೆಯಲ್ಲಿ ಇಬ್ಬರು ಮೂವರಿಗೆ ಏಕಕಾಲದಲ್ಲಿ ಇರುವದು. ಇದು ಅಂಟುವ ರೋಗ. ವೈದ್ಯರು ಸಾಮಾನ್ಯವಾಗಿ ಕೊಡುವ ಪರ್ಮೆಥ್ರಿನ್ ಲೇಪವನ್ನು ತುರಿಕೆಯಿಲ್ಲದವರೂ ಸೇರಿ ಮನೆಯವರೆಲ್ಲರೂ ಒಂದೇ ರಾತ್ರಿ ಹಚ್ಚಿಕೊಂಡು, ಒಂದು ವಾರದ ಮೇಲೆ ಇನ್ನೊಮ್ಮೆ ಹಚ್ಚಿಕೊಳ್ಳಬೇಕು. ಬಟ್ಟೆ ಹಾಸಿಗೆಗಳನ್ನು ಬಿಸಿನೀರಿನಲ್ಲಿ ಒಗೆದು ಬಿಸಿಲಿಗೆ ಹಾಕಬೇಕು. ಒಬ್ಬರನ್ನು ಬಿಟ್ಟರೂ ರೋಗವು ತಿರುಗಿ ಬರುವದು.

ಹುಳುಕಡ್ಡಿಯು ಒಂದು ಬಗೆಯ ಬೂಷ್ಟಿನಿಂದ ಬರುವದು. ಬಳೆಯಂತೆ ದುಂಡಗೆ, ಅಂಚು ಕೆಂಪಾಗಿ ಉಬ್ಬಿ, ನಡುವೆ ವಾಸಿಯಾದಂತೆ ತೋರುತ್ತಾ ದಿನದಿನಕ್ಕೆ ಅಗಲವಾಗುವದು. ಬೆವರು ನಿಲ್ಲುವ ಸೊಂಟ, ತೊಡೆಸಂದು, ಎದೆಯ ಕೆಳಭಾಗಗಳು ಇದರ ನೆಲೆ. ಇದೂ ಅಂಟುವದು, ಒಂದೇ ಟವಲನ್ನು ಹಲವರು ಬಳಸಿದರೆ ಮನೆಗೆಲ್ಲಾ ಹರಡುವದು.

ಇಸಬು ಅಂಟುವ ರೋಗವೇ ಅಲ್ಲ. ಇಸಬಿರುವ ಮಗುವನ್ನು ಮುಟ್ಟಿದರೆ, ಅದರ ಮಗ್ಗುಲಲ್ಲಿ ಮಲಗಿದರೆ, ಅದರೊಡನೆ ಉಂಡರೆ, ಒಂದೇ ಬೆಂಚಿನಲ್ಲಿ ಕುಳಿತರೆ ಯಾರಿಗೂ ಬರುವದಿಲ್ಲ. ಮಕ್ಕಳ ಕೆನ್ನೆಯ ಮೇಲೆ ಕಾಣುವ ಮಸುಕಾದ ಬಿಳಿಯ ಮಚ್ಚೆಗಳೂ ಅನೇಕ ವೇಳೆ ಇಸಬಿನ ಸೌಮ್ಯವಾದ ರೂಪವೇ; ಅವನ್ನು ಹೊಟ್ಟೆಹುಳುವಿನ ಗುರುತೆಂದು ನಂಬುವದೂ ತೊನ್ನಿನ ಆರಂಭವೆಂದು ಹೆದರುವದೂ ವ್ಯರ್ಥ. ಆದರೂ ಮಚ್ಚೆಯಲ್ಲಿ ಸ್ಪರ್ಶಜ್ಞಾನವಿಲ್ಲದಿದ್ದರೆ ತಡಮಾಡದೆ ವೈದ್ಯರಿಗೆ ತೋರಿಸಬೇಕು; ಅದು ಕುಷ್ಠರೋಗದ ಲಕ್ಷಣವಾಗಿರಬಹುದು, ಅದಕ್ಕೆ ಈಗ ಪೂರ್ಣ ಗುಣಕೊಡುವ ಔಷಧವುಂಟು.

ಪ್ರತಿದಿನದ ಗೋಡೆಗೆಲಸ

ಮಳೆಗಾಲಕ್ಕೆ ಮುಂಚೆ ಮನೆಯ ಸೂರನ್ನು ಸರಿಪಡಿಸುವ ಹಾಗೆ, ಚರ್ಮವು ಚೆನ್ನಾಗಿರುವಾಗಲೇ ಅದರ ಗಾರೆಯನ್ನು ಬಲಪಡಿಸುತ್ತಿರಬೇಕು. ಇದು ಈ ಆರೈಕೆಯ ಅರ್ಧಕ್ಕಿಂತ ಹೆಚ್ಚಿನ ಪಾಲು.

ಮೊದಲನೆಯದು ಸ್ನಾನ. ನಮ್ಮಲ್ಲಿ ಹಂಡೆಯ ಕುದಿನೀರನ್ನು ಹೊಯ್ದುಕೊಂಡರೆ ನವೆಯು ಶಮನವಾಗುವದೆಂಬ ಭಾವನೆಯಿದೆ. ಹೊಯ್ದುಕೊಳ್ಳುವಾಗ ಹಿತವಾಗುವದು ನಿಜವೇ. ಆದರೆ ಬಿಸಿನೀರು ಚರ್ಮದ ಕೊಬ್ಬನ್ನು ತೊಳೆದುಬಿಡುವದರಿಂದ ಒಂದು ತಾಸಿನ ಮೇಲೆ ನವೆಯು ಇಮ್ಮಡಿಯಾಗುವದು. ಉಗುರುಬೆಚ್ಚಗಿನ ನೀರಿನಲ್ಲಿ 5ರಿಂದ 10 ನಿಮಿಷಗಳಲ್ಲಿ ಸ್ನಾನ ಮುಗಿಸಬೇಕು. ಚರ್ಮವು ಸ್ವಭಾವತಃ ಸ್ವಲ್ಪ ಆಮ್ಲವುಳ್ಳದ್ದು. ಸಾಮಾನ್ಯ ಸಾಬೂನು ಕ್ಷಾರವುಳ್ಳದ್ದು. ಆದಕಾರಣ ಸಾಬೂನನ್ನು ಕಂಕುಳು, ತೊಡೆಸಂದು, ಪಾದಗಳಿಗೆ ಮಾತ್ರ ಬಳಸಿ, ಅದೂ ಸೌಮ್ಯವಾದದ್ದನ್ನು ಆರಿಸಿಕೊಳ್ಳಬೇಕು. ನಾರಿನಿಂದ ಉಜ್ಜುವದು, ಕಡಲೆಹಿಟ್ಟು ಸೀಗೆಪುಡಿಗಳಿಂದ ತಿಕ್ಕುವದು, ನೀರಿಗೆ ಕ್ರಿಮಿನಾಶಕ ದ್ರಾವಣವನ್ನು ಬೆರೆಸುವದು ಇವೆಲ್ಲವೂ ಬಿರುಕು ಬಿಟ್ಟ ಗೋಡೆಯನ್ನು ಕೆರೆದಂತೆಯೇ ಸರಿ.

ಎರಡನೆಯದು ಲೇಪನ. ಸ್ನಾನವಾದೊಡನೆ ಮೆತ್ತನೆಯ ಬಟ್ಟೆಯಿಂದ ಒತ್ತಿ ಒರಸಿ, ಮೈಯಲ್ಲಿ ಇನ್ನೂ ತೇವವಿರುವಾಗಲೇ, ಎಂದರೆ 3 ನಿಮಿಷಗಳೊಳಗೆ, ಲೇಪವನ್ನು ಧಾರಾಳವಾಗಿ ಹಚ್ಚಬೇಕು. ಸುವಾಸನೆಯಿಲ್ಲದ ಬಿಳಿಯ ಪೆಟ್ರೋಲಿಯಂ ಜೆಲ್ಲಿಯು ಅಗ್ಗವಾದದ್ದೂ ಗುಣವುಳ್ಳದ್ದೂ ಆಗಿದೆ. ಶುದ್ಧವಾದ ಕೊಬ್ಬರಿ ಎಣ್ಣೆಯ ವಿಷಯದಲ್ಲಿ ನಮ್ಮ ಅಜ್ಜಿಯರ ಅನುಭವವನ್ನು ಸಮರ್ಥಿಸುವ ಒಂದು ಪರೀಕ್ಷೆಯು 2014ರಲ್ಲಿ ಪ್ರಕಟವಾಯಿತು. ಫಿಲಿಪೈನ್ಸ್ ದೇಶದಲ್ಲಿ ಸೌಮ್ಯ ಅಥವಾ ಮಧ್ಯಮ ತೀವ್ರತೆಯ ಇಸಬಿದ್ದ 117 ಮಕ್ಕಳಿಗೆ 8 ವಾರ ಹಚ್ಚಿ ನೋಡಿದಾಗ, ಕಾಯಿಸದೆ ತೆಗೆದ ಕೊಬ್ಬರಿ ಎಣ್ಣೆಯು ಖನಿಜ ತೈಲಕ್ಕಿಂತ ಹೆಚ್ಚು ಗುಣ ಕೊಟ್ಟಿತು. ಆದರೆ ಅದಕ್ಕೆ ಕರ್ಪೂರ, ಬೇವು, ಬೆಳ್ಳುಳ್ಳಿ ಮೊದಲಾದವುಗಳನ್ನು ಸೇರಿಸಿ ಕಾಯಿಸಬಾರದು. ಒಡೆದ ಚರ್ಮಕ್ಕೆ ಅವು ಉರಿಯನ್ನುಂಟುಮಾಡುವವು. ಸೆಕೆಯಲ್ಲಿ ಜಿಡ್ಡಾದ ಲೇಪದಿಂದ ಬೆವರುಸಾಲೆಯಾಗುವವರು ಹಗಲಿನಲ್ಲಿ ತೆಳುವಾದ ಕ್ರೀಮನ್ನೂ ರಾತ್ರಿಯಲ್ಲಿ ದಪ್ಪನೆಯದನ್ನೂ ಬಳಸಬಹುದು.

ಎಷ್ಟು ಹಚ್ಚಬೇಕೆಂಬಲ್ಲಿ ಹೆಚ್ಚಿನ ಮನೆಗಳವರು ಬಹಳ ಜುಗ್ಗುತನ ಮಾಡುತ್ತಾರೆ. ಮೈಯಲ್ಲೆಲ್ಲಾ ಇಸಬಿರುವ ಮಗುವಿಗೆ ವಾರಕ್ಕೆ ಸುಮಾರು 250 ಗ್ರಾಂ ಲೇಪವು ಬೇಕಾಗುವದು. ಡಬ್ಬಿಯ ಮೇಲೆ ತೆರೆದ ತಾರೀಖನ್ನು ಬರೆದಿಟ್ಟರೆ ಸಾಕಷ್ಟು ಹಚ್ಚುತ್ತಿದ್ದೇವೋ ಇಲ್ಲವೋ ತಿಳಿಯುವದು. ಡಬ್ಬಿಯೊಳಗೆ ಬೆರಳಿಡದೆ ಶುಚಿಯಾದ ಚಮಚದಿಂದ ತೆಗೆಯಬೇಕು. ರೋಮಗಳು ಬೆಳೆದಿರುವ ದಿಕ್ಕಿನಲ್ಲಿ ಮೇಲಿನಿಂದ ಕೆಳಕ್ಕೆ ಸವರಬೇಕು, ಗಸಗಸನೆ ತಿಕ್ಕಬಾರದು.

ಇಲ್ಲಿ ಒಂದು ಎಚ್ಚರಿಕೆಯ ಮಾತು. ಇಂಥ ಲೇಪಗಳು ದಿನವೂ ಹತ್ತಿ ಒಣಗಿದ ಬಟ್ಟೆ ಹಾಸಿಗೆಗಳಿಗೆ ಬೆಂಕಿ ತಾಕಿದರೆ ಅವು ಬೇಗನೆ ಹೊತ್ತಿಕೊಳ್ಳುವವು; ತೊಳೆದರೂ ಅಂಶವು ಪೂರ್ತಿ ಹೋಗುವದಿಲ್ಲ. ಬ್ರಿಟನ್ನಿನ ಔಷಧ ನಿಯಂತ್ರಣಾಧಿಕಾರಿಗಳು 2018ರಲ್ಲಿ ಎಲ್ಲಾ ಬಗೆಯ ಲೇಪಗಳ ವಿಷಯದಲ್ಲಿಯೂ ಈ ಎಚ್ಚರಿಕೆಯನ್ನು ಕೊಟ್ಟರು. ದೀಪ, ಒಲೆ, ಊದುಬತ್ತಿ, ಸೊಳ್ಳೆಬತ್ತಿಗಳ ಹತ್ತಿರ ಇಂಥ ಬಟ್ಟೆಯುಟ್ಟ ಮಗುವನ್ನು ಬಿಡಬಾರದು. ಅಡಿಗೆ ಮಾಡುವ ತಾಯಿಯೂ ಜಾಗ್ರತೆಯಾಗಿರಬೇಕು.

ಬೆಂಕಿಯನ್ನು ಆರಿಸುವ ಔಷಧ

ಗೋಡೆಯನ್ನು ಎಷ್ಟು ಕಾಪಾಡಿದರೂ ಕೆಲವೊಮ್ಮೆ ಇಸಬು ಕೆರಳುವದು. ಆಗ ಬರಿಯ ಎಣ್ಣೆಯು ಸಾಲದು. 1952ರಲ್ಲಿ, ಮೇಲೆ ಹೇಳಿದ ಸುಲ್ಜ್‌ಬರ್ಗರರೂ ವಿಟನ್ ಎಂಬವರೂ ಹೈಡ್ರೋಕಾರ್ಟಿಸೋನನ್ನು ಚರ್ಮದ ಮೇಲೆ ಹಚ್ಚಿ ಅದು ಇಸಬನ್ನು ತಗ್ಗಿಸುವದೆಂದು ತೋರಿಸಿದರು. ಸ್ಟೀರಾಯ್ಡ್ ಮುಲಾಮುಗಳ ಕಾಲವು ಅಲ್ಲಿಂದ ಪ್ರಾರಂಭವಾಯಿತು. ಈ ಔಷಧದ ವಿಷಯದಲ್ಲಿ ನಮ್ಮ ಜನರು ಎರಡು ವಿರುದ್ಧವಾದ ತಪ್ಪುಗಳನ್ನು ಮಾಡುತ್ತಿದ್ದಾರೆ.

ಒಂದು, ಅತಿಭಯ. ವೈದ್ಯರು ಬರೆದುಕೊಟ್ಟ ಮುಲಾಮನ್ನು ಹೆದರಿ ಹೆದರಿ ಸಾಸಿವೆಯಷ್ಟು ಹಚ್ಚಿ, ಎರಡು ದಿನಗಳಲ್ಲಿ ಕೆಂಪು ಮಾಸಿದೊಡನೆ ನಿಲ್ಲಿಸಿಬಿಡುವರು. ಬೆಂಕಿಯು ಬೂದಿಯ ಕೆಳಗೆ ಉಳಿದು ವಾರದೊಳಗೆ ಮತ್ತೆ ಉರಿಯುವದು. ಅಳತೆಗೆ ಒಂದು ಸುಲಭವಾದ ಉಪಾಯವುಂಟು. ದೊಡ್ಡವರ ತೋರುಬೆರಳಿನ ತುದಿಯಿಂದ ಮೊದಲನೆಯ ಗೆರೆಯ ವರೆಗೆ ಕೊಳವೆಯಿಂದ ಹಿಂಡಿದ ಮುಲಾಮು ಸುಮಾರು ಅರ್ಧ ಗ್ರಾಂ ತೂಗುವದು. ದೊಡ್ಡವರ ಎರಡು ಅಂಗೈಗಳನ್ನು ಬೆರಳು ಸಹಿತ ಚಾಚಿದರೆ ಎಷ್ಟು ಅಗಲವೋ ಅಷ್ಟು ಜಾಗಕ್ಕೆ ಅದು ಸಾಕು. ಕೆರಳಿದ ಜಾಗಗಳಿಗೆ ವೈದ್ಯರು ಹೇಳಿದಂತೆ, ಸಾಮಾನ್ಯವಾಗಿ ದಿನಕ್ಕೆ ಒಂದು ಸಾರಿ, ಚರ್ಮವನ್ನು ಸವರಿದರೆ ನುಣುಪಾಗಿ ತೋರುವ ವರೆಗೆ ಹಚ್ಚಬೇಕು. ಪದೇಪದೇ ಕೆರಳುವ ಜಾಗಗಳಿಗೆ, ವಾಸಿಯಾದ ಮೇಲೂ ವಾರಕ್ಕೆ ಎರಡು ದಿನ ಹಚ್ಚುವಂತೆ ವೈದ್ಯರು ಹೇಳುವದುಂಟು. ಹೀಗೆ ಕ್ರಮವಾಗಿ ಬಳಸಿದರೆ ಇದು ಭದ್ರವಾದ ಔಷಧ.

ಇನ್ನೊಂದು, ಅತಿಧೈರ್ಯ. ಅಂಗಡಿಯಲ್ಲಿ "ತುರಿಕೆಗೆ ಒಂದು ಮುಲಾಮು ಕೊಡಿ" ಎಂದು ಕೇಳಿ ತಂದು, ಮನೆಯವರೆಲ್ಲರೂ ಎಲ್ಲದಕ್ಕೂ ಹಚ್ಚುವರು. ಇವುಗಳಲ್ಲಿ ಅನೇಕವು ತೀಕ್ಷ್ಣವಾದ ಸ್ಟೀರಾಯ್ಡನ್ನು ಬೂಷ್ಟಿನ ಮದ್ದಿನೊಡನೆಯೂ ರೋಗಾಣುನಾಶಕದೊಡನೆಯೂ ಬೆರೆಸಿದವುಗಳು. ಹುಳುಕಡ್ಡಿಗೆ ಇವನ್ನು ಹಚ್ಚಿದರೆ ನವೆಯು ಕೂಡಲೇ ಅಡಗುವದು. ಆದರೆ ಬೂಷ್ಟು ಒಳಗೊಳಗೇ ಹಬ್ಬಿ, ಗುರುತು ಸಿಕ್ಕದಂತೆ ರೂಪ ಬದಲಿಸಿಕೊಂಡು, ಮುಂದೆ ಸರಿಯಾದ ಔಷಧಕ್ಕೂ ಬಗ್ಗದಂತಾಗುವದು. ನಮ್ಮ ದೇಶದಲ್ಲಿ ಇತ್ತೀಚಿನ ವರ್ಷಗಳಲ್ಲಿ ಮಾಯದ ಹುಳುಕಡ್ಡಿಯು ಮನೆಮನೆಗೂ ಹರಡಿರುವದಕ್ಕೆ ಇದೂ ಒಂದು ಕಾರಣವೆಂದು ಚರ್ಮವೈದ್ಯರು ಹೇಳುತ್ತಾರೆ. ಮೈಬಣ್ಣ ತಿಳಿಯಾಗಲೆಂದು ತರುಣಿಯರು ಮುಖಕ್ಕೆ ಹಚ್ಚಿಕೊಳ್ಳುವ ಕೆಲವು ಕ್ರೀಮುಗಳಲ್ಲಿಯೂ ಇದೇ ಸ್ಟೀರಾಯ್ಡ್ ಇರುವದು. ತಿಂಗಳುಗಟ್ಟಲೆ ಹಚ್ಚಿದರೆ ಚರ್ಮವು ತೆಳ್ಳಗಾಗಿ ರಕ್ತನಾಳಗಳು ಕಾಣುವವು. ಮೊಡವೆಯೂ ಕೂದಲೂ ಏಳುವವು. ಬಿಸಿಲಿಗೆ ಹೋದರೆ ಮುಖ ಉರಿಯುವದು. ನಿಲ್ಲಿಸಿದರೆ ಮತ್ತಷ್ಟು ಕೆರಳುವದು. 2018ರಲ್ಲಿ ಭಾರತ ಸರಕಾರವು 14 ಬಗೆಯ ಸ್ಟೀರಾಯ್ಡ್ ಲೇಪಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಬಾರದ ಪಟ್ಟಿಗೆ ಸೇರಿಸಿತು. ಕಾನೂನು ಆದರೂ ಕೇಳಿದವರಿಗೆ ಕೊಡುವ ಅಂಗಡಿಗಳು ಇವೆ. ಆದಕಾರಣ ಕೇಳದಿರುವ ವಿವೇಕವು ಮನೆಯಲ್ಲಿರಬೇಕು. ನಮ್ಮ ಹುಡುಗಿಯರಿಗೆ ನಾವು ಹೇಳುವದೇನಂದರೆ: ಕೊಳವೆಯ ಮೇಲಿನ ಹೆಸರನ್ನು ಓದಿರಿ, "ಸೋನ್" ಎಂದು ಕೊನೆಗೊಳ್ಳುವ ಬೀಟಾಮೆಥಾಸೋನ್, ಮೊಮೆಟಾಸೋನ್ ಮುಂತಾದ ಹೆಸರುಗಳಾಗಲಿ, ಕ್ಲೋಬೆಟಾಸಾಲ್ ಎಂಬ ಹೆಸರಾಗಲಿ ಕಂಡುಬಂದರೆ ವೈದ್ಯರ ಅಪ್ಪಣೆಯಿಲ್ಲದೆ ಮುಟ್ಟಬೇಡಿರಿ.

ಮುಖ, ಕಣ್ಣರೆಪ್ಪೆ, ಮಡಿಕೆಗಳಂಥ ಮೃದುವಾದ ಜಾಗಗಳಿಗೆ ಸ್ಟೀರಾಯ್ಡ್ ಅಲ್ಲದ ಟ್ಯಾಕ್ರೋಲಿಮಸ್ ಮುಲಾಮನ್ನು ವೈದ್ಯರು ಕೊಡುವದುಂಟು. ಯಾವದಕ್ಕೂ ಬಗ್ಗದ ಕಠಿನವಾದ ಇಸಬಿಗೆ ಬೆಳಕಿನ ಚಿಕಿತ್ಸೆಯೂ, 2017ರಲ್ಲಿ ಅಮೇರಿಕದಲ್ಲಿ ಮೊದಲು ಅನುಮತಿ ಪಡೆದ ಡುಪಿಲುಮಾಬ್ ಎಂಬ ಚುಚ್ಚುಮದ್ದೂ ಇವೆ. ಎರಡನೆಯದು ಬಹಳ ದುಬಾರಿ. ಆದರೂ ಇಸಬಿಗೆ ಮದ್ದೇ ಇಲ್ಲವೆಂಬ ಹಳೆಯ ಮಾತು ಈಗ ಸಲ್ಲದು.

ಪಥ್ಯದ ವಿಚಾರ

ತುರಿಕೆಯೆಂದೊಡನೆ ನಮ್ಮಲ್ಲಿ ನಂಜಿನ ಪದಾರ್ಥಗಳ ಪಟ್ಟಿ ಸಿದ್ಧವಾಗುವದು. ಬದನೆಕಾಯಿ, ಮೀನು, ಮೊಟ್ಟೆ, ಕಡಲೆಕಾಯಿ, ಹಾಲು ಎಂದು ಒಂದೊಂದನ್ನೇ ಬಿಡಿಸುತ್ತಾ ಹೋಗಿ, ಕಡೆಗೆ ಮಗುವು ಅನ್ನ ಸಾರಿನ ಮೇಲೆ ಜೀವಿಸುವದು. ಬೆಳೆಯುವ ಹುಡುಗಿಗೆ ಇದರಿಂದಾಗುವ ಹಾನಿಯು ಇಸಬಿನ ಹಾನಿಗಿಂತ ಕಡಿಮೆಯದಲ್ಲ. ಕೆಲವು ಮಕ್ಕಳಿಗೆ, ಮುಖ್ಯವಾಗಿ ಕಠಿನವಾದ ಇಸಬಿರುವ ಕೂಸುಗಳಿಗೆ, ಹಾಲು ಮೊಟ್ಟೆಗಳಂಥ ಆಹಾರವು ಒಗ್ಗದಿರುವದು ನಿಜ. ತಿಂದ ಸ್ವಲ್ಪ ಹೊತ್ತಿನಲ್ಲಿ ಮೈಯಲ್ಲಿ ದದ್ದುಗಳೇಳುವದು, ತುಟಿ ಊದುವದು, ವಾಂತಿಯಾಗುವದು ಇದರ ಲಕ್ಷಣ. ಹೀಗಾದರೆ ವೈದ್ಯರ ಸಲಹೆಯಂತೆ ಪರೀಕ್ಷಿಸಿ ಆ ಒಂದನ್ನೇ ಬಿಡತಕ್ಕದ್ದು. ಇಂಥ ಗುರುತು ಇಲ್ಲದ ಮಗುವಿಗೆ ಮನೆಯವರು ಉಣ್ಣುವದನ್ನೆಲ್ಲಾ ಉಣಿಸಬೇಕು. ತಾಯಿಯ ಹಾಲನ್ನು ಇಸಬಿನ ನೆಪದಿಂದ ಎಂದಿಗೂ ಬಿಡಿಸಬಾರದು.

ಹೊರಗಿನಿಂದ ಕೆರಳಿಸುವ ವಸ್ತುಗಳ ಕಡೆಗೆ ದೃಷ್ಟಿಯಿಟ್ಟರೆ ಹೆಚ್ಚು ಫಲವುಂಟು. ಉಣ್ಣೆಯ ಬಟ್ಟೆ, ಕಂಬಳಿ, ನೈಲಾನ್ ಮೈಗೆ ತಾಕಬಾರದು. ಒಳಗೆ ಹತ್ತಿಯ ಬಟ್ಟೆಯಿರಲಿ. ಒಗೆದ ಬಟ್ಟೆಯಲ್ಲಿ ಸಾಬೂನಿನ ಪುಡಿ ಉಳಿಯದಂತೆ ಎರಡು ನೀರಿನಲ್ಲಿ ಜಾಲಿಸಬೇಕು. ಗಿಲೀಟಿನ ಓಲೆ, ಸರ, ಪಿನ್ನುಗಳಲ್ಲಿರುವ ನಿಕ್ಕಲ್ ಎಂಬ ಲೋಹವೂ, ಅಂಟಿಸುವ ಬಿಂದಿಯ ಗೋಂದೂ, ಕಪ್ಪು ಮದರಂಗಿಗೂ ತಲೆಗೂದಲಿಗೂ ಬೆರೆಸುವ ಬಣ್ಣವೂ ಇಸಬನ್ನುಂಟುಮಾಡಬಲ್ಲವು. ಬೆಳ್ಳುಳ್ಳಿ ಸುಲಿಯುವ ಗೃಹಿಣಿಯರಿಗೆ ಅದನ್ನು ಹಿಡಿಯುವ ಕೈಯ ಬೆರಳ ತುದಿಗಳು ಒಡೆಯುವದುಂಟು. ಪಾತ್ರೆ ತಿಕ್ಕುವಾಗಲೂ ಬಟ್ಟೆ ಒಗೆಯುವಾಗಲೂ ಒಳಗೆ ಹತ್ತಿಯ ಕೈಚೀಲ, ಮೇಲೆ ರಬ್ಬರಿನ ಕೈಚೀಲ ತೊಟ್ಟು, ಕೆಲಸ ಮುಗಿದೊಡನೆ ಕೈಗೆ ಲೇಪ ಹಚ್ಚಿಕೊಳ್ಳಬೇಕು. ಹೊಲದಲ್ಲಿಯೂ ರಸ್ತೆಯ ಬದಿಯಲ್ಲಿಯೂ ಬೆಳೆಯುವ ಪಾರ್ಥೇನಿಯಂ ಎಂಬ ಕಾಂಗ್ರೆಸ್ ಗಿಡವು 1950ರ ದಶಕದಲ್ಲಿ ಪುಣೆಯಲ್ಲಿ ಗುರುತಿಸಲ್ಪಟ್ಟು, ಕ್ರಮೇಣ ನಮ್ಮ ನಾಡನ್ನೆಲ್ಲಾ ತುಂಬಿದೆ. ಅದರ ಪುಡಿಯು ಗಾಳಿಯಲ್ಲಿ ಬಂದು ತಾಕಿದರೂ ಕೆಲವು ವಯಸ್ಕರಿಗೆ ಮುಖ, ಕತ್ತು, ಮೊಣಕೈ ಮಡಿಕೆಗಳಲ್ಲಿ ಇಸಬೇಳುವದು. ತಂದೆಗೆ ಹೊಸದಾಗಿ ಹೀಗಾದರೆ ಗಿಡದ ಮೇಲೆ ಸಂಶಯಪಡಬೇಕು.

ತಡಮಾಡಬಾರದ ಸಂದರ್ಭಗಳು

ಇಸಬಿನ ಜಾಗದಲ್ಲಿ ಹಳದಿಯ ಹಕ್ಕಳೆ ಕಟ್ಟಿ ಕೀವು ಬಂದರೆ, ಬಿಸಿಯಾಗಿ ನೋಯುತ್ತಿದ್ದರೆ ರೋಗಾಣು ಸೇರಿದೆಯೆಂದು ತಿಳಿದು ವೈದ್ಯರಿಗೆ ತೋರಿಸಬೇಕು. ಜ್ವರದೊಡನೆ ಒಂದೇ ಅಳತೆಯ ಬಹಳ ನೋವಿನ ನೀರುಗುಳ್ಳೆಗಳು ಗುಂಪಾಗಿ ಎದ್ದು, ಒಡೆದು, ಕೊರೆದಂಥ ಸಣ್ಣ ಗಾಯಗಳಾದರೆ ಅದು ಹರ್ಪಿಸ್ ಎಂಬ ವಿಷಾಣುವಿನ ಹಾವಳಿಯಾಗಿರಬಹುದು. ಅದೇ ದಿನ ಆಸ್ಪತ್ರೆಗೆ ಕೊಂಡೊಯ್ಯಬೇಕು, ಕಣ್ಣಿನ ಹತ್ತಿರವಿದ್ದರೆ ಮತ್ತೂ ಬೇಗ. ತುಟಿಯ ಮೇಲೆ ಜ್ವರಗುಳ್ಳೆಯೆದ್ದವರು ಇಸಬಿರುವ ಕೂಸಿಗೆ ಮುತ್ತಿಡಬಾರದು. ಅವರು ಎಷ್ಟು ಹತ್ತಿರದ ನಂಟರಾದರೂ ಸರಿಯೇ.

ಕುಟುಂಬದ ಪಾಲು

ನಾವು ಕಂಡ ಮಟ್ಟಿಗೆ, ಔಷಧವು ಒಂದೇ ಆಗಿದ್ದರೂ ಒಂದು ಮನೆಯಲ್ಲಿ ಗುಣವಾಗಿ ಇನ್ನೊಂದು ಮನೆಯಲ್ಲಿ ಆಗದಿರುವದಕ್ಕೆ ಕಾರಣವು ಕೆಲಸದ ಹಂಚಿಕೆಯಲ್ಲಿದೆ. ದಿನಕ್ಕೆ ಎರಡು ಮೂರು ಸಾರಿ ಲೇಪ ಹಚ್ಚುವದು, ಬಟ್ಟೆ ಜಾಲಿಸುವದು, ಉಗುರು ಕತ್ತರಿಸುವದು, ರಾತ್ರಿ ಎರಡು ಗಂಟೆಗೆ ಎದ್ದು ಅಳುವ ಮಗುವನ್ನು ಸಮಾಧಾನಪಡಿಸುವದು ಇಷ್ಟನ್ನೂ ತಾಯಿಯೊಬ್ಬಳ ಮೇಲೆ ಹೊರಿಸಿದರೆ ತಿಂಗಳೊಳಗೆ ಅವಳು ಬಳಲುವಳು, ಕ್ರಮವು ತಪ್ಪುವದು, ಇಸಬು ಮರಳುವದು. ರಾತ್ರಿಯ ಲೇಪನವನ್ನು ತಂದೆಯು ವಹಿಸಿಕೊಳ್ಳಲಿ. ಅಜ್ಜಿಯು ಕಥೆ ಹೇಳುತ್ತಾ ಹಚ್ಚಿದರೆ ಮಗುವು ಹಟಮಾಡದು. ಅಣ್ಣ ಅಕ್ಕಂದಿರು ಶಾಲೆಗೆ ಹೊರಡುವ ಮುಂಚೆ ಕೈಗೆ ಹಚ್ಚಿಕೊಡಲಿ. ಹತ್ತು ವರ್ಷವಾದ ಹುಡುಗಿಗೆ ತನ್ನ ಮುಲಾಮು ಯಾವದು, ಎಷ್ಟು, ಎಲ್ಲಿಗೆ ಎಂಬದನ್ನು ಕಲಿಸಿ, ಕ್ರಮೇಣ ಅವಳ ಕೈಗೇ ಒಪ್ಪಿಸಬೇಕು. ಒಂದು ಸಣ್ಣ ಪುಸ್ತಕದಲ್ಲಿ ಕೆರಳಿದ ದಿನ, ಹಚ್ಚಿದ ಔಷಧ, ಹೊಸದಾಗಿ ತೊಟ್ಟ ಅಥವಾ ಮುಟ್ಟಿದ ವಸ್ತುಗಳನ್ನು ಬರೆದಿಟ್ಟರೆ ವೈದ್ಯರಿಗೆ ಬಹಳ ಸಹಾಯವಾಗುವದು.

"ತುರಿಸಬೇಡ, ತುರಿಸಬೇಡ" ಎಂದು ದಿನವಿಡೀ ಗದರುವದರಿಂದ ಪ್ರಯೋಜನವಿಲ್ಲ. ಹಸಿದವನಿಗೆ ಹಸಿಯಬೇಡವೆಂದಂತೆ ಅದು. ಉಗುರನ್ನು ಮೋಟಾಗಿಡಿರಿ, ನವೆಯೆದ್ದ ಜಾಗಕ್ಕೆ ತಣ್ಣೀರಿನ ಬಟ್ಟೆಯನ್ನಿಟ್ಟು ಮೇಲೆ ಲೇಪ ಹಚ್ಚಿರಿ, ಕೈಗೆ ಹೂ ಕಟ್ಟುವದೋ ಚಿತ್ರ ಬರೆಯುವದೋ ಏನಾದರೊಂದು ಕೆಲಸ ಕೊಡಿರಿ.

ಶಾಲೆಯ ವಿಷಯದಲ್ಲಿ ತಾಯಿತಂದೆಗಳಿಗೆ ನಮ್ಮ ವಿನಂತಿಯು ಇದು. ಮಗಳಿಗೆ ಇಸಬಿದ್ದರೆ ವರ್ಷಾರಂಭದಲ್ಲಿಯೇ ತರಗತಿಯ ಉಪಾಧ್ಯಾಯಿನಿಗೆ ತಿಳಿಸಿರಿ. ಗಾಳಿ ಬರುವ ಕಡೆಯಲ್ಲಿ ಕೂಡಿಸುವದು, ಬೆವರಿದ ಮೇಲೆ ಮೈತೊಳೆದುಕೊಳ್ಳಲು ಬಿಡುವದು, ಮುಲಾಮಿನ ಡಬ್ಬಿಯನ್ನು ಚೀಲದಲ್ಲಿಡಲು ಒಪ್ಪುವದು ಇವು ನಮಗೆ ಕಷ್ಟದ ಕೆಲಸಗಳಲ್ಲ. ಗೆಳತಿಯರು ದೂರ ಸರಿಯುವಾಗ ಉಪಾಧ್ಯಾಯಿನಿಯು ಎಲ್ಲರ ಮುಂದೆ ಆ ಹುಡುಗಿಯ ಕೈಯನ್ನು ಹಿಡಿದು, ಇದು ಅಂಟುವದಿಲ್ಲವೆಂದು ಒಂದು ಸಾರಿ ಹೇಳಿದರೆ, ನೂರು ಉಪದೇಶಗಳ ಫಲವಾಗುವದು. ಆರೋಗ್ಯ ಪಾಠದಲ್ಲಿ ಚರ್ಮದ ವಿಷಯವು ಬಂದಾಗ ಈ ಮಾತನ್ನು ಎಲ್ಲಾ ಬಾಲಿಕೆಯರಿಗೂ ಕಲಿಸಬೇಕು.

ಮದುವೆಯ ಪ್ರಾಯದ ಹುಡುಗಿಯರಿರುವ ಮನೆಗಳಲ್ಲಿ ಇಸಬನ್ನು ಗುಟ್ಟಾಗಿಡುವ ಪದ್ಧತಿಯುಂಟು. ಮುಚ್ಚಿಡುವದಕ್ಕಾಗಿ ವೈದ್ಯರ ಬಳಿಗೆ ಹೋಗುವದನ್ನು ನಿಲ್ಲಿಸಿ, ಬೇಗ ಮಾಯಲೆಂದು ತೀಕ್ಷ್ಣವಾದ ಮುಲಾಮನ್ನು ಬಳಿದು, ಕಡೆಗೆ ಇದ್ದ ಚರ್ಮವನ್ನೂ ಕೆಡಿಸಿಕೊಂಡವರು ಇದ್ದಾರೆ. ಗರ್ಭಿಣಿಯಾದಾಗ ಇಸಬು ಕೆಲವರಿಗೆ ಹೆಚ್ಚುವದು. ಆ ಕಾಲದಲ್ಲಿ ಗಂಡನ ಮನೆಯವರಿಂದ ಔಷಧವನ್ನು ಅಡಗಿಸಿಡಬೇಕಾದ ಸ್ಥಿತಿಯು ಯಾವ ಹೆಣ್ಣುಮಗಳಿಗೂ ಬರಬಾರದು. ಅಂಟದ ರೋಗಕ್ಕೆ, ಯಾರ ತಪ್ಪಿನಿಂದಲೂ ಬಾರದ ರೋಗಕ್ಕೆ, ನಾಚುವದೇಕೆ? ಸಂಬಂಧದ ಮಾತು ಬಂದಾಗಲೇ, ಕನ್ನಡಕ ಹಾಕಿಕೊಳ್ಳುವಳೆಂದು ಹೇಳುವ ಹಾಗೆ, ಚರ್ಮವು ಸೂಕ್ಷ್ಮವಾದದ್ದೆಂದು ಹೇಳಿಬಿಡುವದು ಲೇಸು. ಅದಕ್ಕಾಗಿ ಹಿಂದೆಗೆಯುವ ಮನೆಯು ಮುಂದೆ ಬೇರೆ ಕಾಯಿಲೆಯಲ್ಲಿಯೂ ಅವಳನ್ನು ನೋಡಿಕೊಳ್ಳುವ ಮನೆಯಲ್ಲ.

ಇಸಬನ್ನು ಬೇರುಸಹಿತ ಕೀಳುವೆನೆಂದು ಹೇಳುವವರಿಂದ ದೂರವಿರಿರಿ. ಅದನ್ನು ಹತೋಟಿಯಲ್ಲಿಡುವದು ಸಾಧ್ಯ. ಬಹುಮಂದಿ ಮಕ್ಕಳ ವಿಷಯದಲ್ಲಿ ಒಂದು ಡಬ್ಬಿ ಲೇಪ, ವೈದ್ಯರು ಬರೆದ ಒಂದು ಮುಲಾಮು, ಉಗುರುಬೆಚ್ಚಗಿನ ನೀರು, ಮತ್ತು ಪಾಳಿಯಲ್ಲಿ ದುಡಿಯುವ ನಾಲ್ಕು ಕೈಗಳು ಇದ್ದರೆ ಸಾಕು. ಮಗಳು ರಾತ್ರಿಯೆಲ್ಲಾ ನಿದ್ದೆಮಾಡಿ, ಬೆಳಿಗ್ಗೆ ಕೈತೋಳುಗಳನ್ನು ಮುಚ್ಚಿಕೊಳ್ಳದೆ ಶಾಲೆಗೆ ಬರುವ ದಿನವು ನಿಮ್ಮ ಮನೆಗೆ ಬೇಗನೆ ಬರಲೆಂದು ಹಾರೈಸುತ್ತೇವೆ.